ಮೂರನೆಯ ಕುರ್ಚಿಯವರೆಗೆ: ಮಿಶೆಲ್ ಫ್ಲೋರ್ನಾಯ್ ಸಾಗಿದ ದಾರಿ

2020ರ ಡಿಸೆಂಬರ್‌ನಲ್ಲಿ ಅಮೆರಿಕದ ಚುನಾಯಿತ ಅಧ್ಯಕ್ಷ ಜೋ ಬೈಡನ್ ಅವರು ರಕ್ಷಣಾ ಕಾರ್ಯದರ್ಶಿ (ನಮ್ಮ ರಕ್ಷಣಾ ಸಚಿವರಿಗೆ ಸಮಾನ) ಹುದ್ದೆಗೆ ನಿವೃತ್ತ ಜನರಲ್ ಲಾಯ್ಡ್ ಆಸ್ಟಿನ್ ಅವರನ್ನು ಆರಿಸಿದಾಗ, ಆಯ್ಕೆಯಾದ ಹೆಸರಿನಷ್ಟೇ ಚರ್ಚೆಯಾದದ್ದು ಕೈಬಿಟ್ಟ ಹೆಸರು. ರಕ್ಷಣಾ ಇಲಾಖೆಯ ಮಾಜಿ ಅಧಿಕಾರಿ ಮಿಶೆಲ್ ಫ್ಲೋರ್ನಾಯ್ ಅವರಿಗೆ ಆ ಸ್ಥಾನ ತಪ್ಪಿದ್ದೇಕೆ ಎಂಬುದಕ್ಕೆ ಅವರವರ ಒಲವಿಗೆ ತಕ್ಕ ಕಾರಣಗಳು ಹುಟ್ಟಿಕೊಂಡವು: ಅವರು ಮಹಿಳೆಯೆಂಬುದು, ಖಾಸಗಿ ಸಲಹಾ ಸಂಸ್ಥೆ ನಡೆಸಿದ್ದರೆಂಬುದು, ಅಫ್ಘಾನ್ ಯುದ್ಧದ ನೆರಳು ಅವರ ಮೇಲಿತ್ತೆಂಬುದು.

1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಹಾರ್ವರ್ಡ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಓದಿ, ಶಸ್ತ್ರಾಸ್ತ್ರ ನಿಯಂತ್ರಣದ ಅಧ್ಯಯನದಿಂದ ವೃತ್ತಿ ಆರಂಭಿಸಿದ ಅವರು, ಕ್ಲಿಂಟನ್ ಆಡಳಿತದಲ್ಲಿ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್‌ನ ಕಾರ್ಯತಂತ್ರ ವಿಭಾಗದಲ್ಲಿದ್ದರು. ಬುಷ್ ಅವಧಿಯನ್ನು ಸರ್ಕಾರದ ಹೊರಗಿನ ಅಧ್ಯಯನ ಕೇಂದ್ರಗಳಲ್ಲಿ ಕಳೆದರು.

ಕತೆ ನಿಜವಾಗಿ ತಿರುವು ಪಡೆಯುವುದು 2007ರಲ್ಲಿ. ಆ ವರ್ಷ ಅವರು ವಿದೇಶಾಂಗ ನೀತಿ ತಜ್ಞ ಕರ್ಟ್ ಕ್ಯಾಂಪ್‌ಬೆಲ್ ಜೊತೆಗೂಡಿ 'ಸೆಂಟರ್ ಫಾರ್ ಎ ನ್ಯೂ ಅಮೆರಿಕನ್ ಸೆಕ್ಯುರಿಟಿ' ಎಂಬ ಚಿಂತನ ಚಾವಡಿಯನ್ನು ಕಟ್ಟಿದರು. ಶತ್ರುವನ್ನು ಕೊಲ್ಲುವುದಕ್ಕಿಂತ ಸ್ಥಳೀಯ ಜನರನ್ನು ಕಾಪಾಡುವುದು ಮುಖ್ಯವೆಂಬ ಬಂಡಾಯ ನಿಗ್ರಹದ ಸಿದ್ಧಾಂತ, ಇರಾಕ್‌ನ ಅನುಭವದ ಬಲದಿಂದ, ಅಲ್ಲಿ ಪ್ರಬಲ ಪ್ರತಿಪಾದಕರನ್ನು ಕಂಡುಕೊಂಡಿತು. ಎರಡೇ ವರ್ಷಗಳಲ್ಲಿ ಒಬಾಮ ಅಧಿಕಾರಕ್ಕೆ ಬಂದರು. 2009ರ ಫೆಬ್ರುವರಿಯಲ್ಲಿ ಫ್ಲೋರ್ನಾಯ್ ರಕ್ಷಣಾ ನೀತಿಯ ಅಧೀನ ಕಾರ್ಯದರ್ಶಿಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಪೆಂಟಗನ್‌ನಲ್ಲಿ ಅದನ್ನು ಮೂರನೆಯ ಸ್ಥಾನವೆಂದು ಎಣಿಸುವ ರೂಢಿಯಿತ್ತು. ಅಲ್ಲಿ ಕುಳಿತವರು ಸೇನೆಗೆ ಆಜ್ಞೆ ಕೊಡುವುದಿಲ್ಲ. ಆಜ್ಞೆ ಕೊಡುವವರ ಮುಂದೆ ಯಾವ ಆಯ್ಕೆಗಳಿವೆ ಎಂಬುದನ್ನು ಬರೆದಿಡುತ್ತಾರೆ. ಆ ಬರವಣಿಗೆಗೆ ಎಷ್ಟು ತೂಕವಿದೆಯೆಂಬುದು ಹೊರಗಿನವರಿಗೆ ಸುಲಭವಾಗಿ ಕಾಣದು.

ಆ ವರ್ಷದ ಅಫ್ಘಾನ್ ನೀತಿ ಪರಿಶೀಲನೆಯಲ್ಲಿ ಅವರು ಸಿಐಎ ಮಾಜಿ ಅಧಿಕಾರಿ ಬ್ರೂಸ್ ರೀಡೆಲ್ ಮತ್ತು ರಾಜತಾಂತ್ರಿಕ ರಿಚರ್ಡ್ ಹಾಲ್‌ಬ್ರೂಕ್ ಅವರೊಂದಿಗೆ ಮುಂಚೂಣಿಯಲ್ಲಿದ್ದರು. ಡಿಸೆಂಬರ್ 1ರಂದು ಒಬಾಮ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಘೋಷಿಸಿದರು; ಮುಂದಿನ ವರ್ಷ ಅಲ್ಲಿನ ಅಮೆರಿಕನ್ ಪಡೆಯ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಮುಟ್ಟಿತು. ಅದೇ ಭಾಷಣದಲ್ಲಿ 2011ರ ಜುಲೈನಿಂದ ವಾಪಸಾತಿಯೆಂಬ ಗಡುವೂ ಇತ್ತು. ಹಳ್ಳಿ ಹಳ್ಳಿಯಲ್ಲಿ ವಿಶ್ವಾಸ ಗಳಿಸಬೇಕಾದ ನೀತಿಗೆ ಹದಿನೆಂಟು ತಿಂಗಳು ಸಾಕೇ ಎಂಬ ಪ್ರಶ್ನೆಯನ್ನು ಸಂಸತ್ ಸಮಿತಿಗಳ ಮುಂದೆ ಎದುರಿಸಬೇಕಾದವರಲ್ಲಿ ಫ್ಲೋರ್ನಾಯ್ ಕೂಡ ಇದ್ದರು. ನಿರ್ಧಾರ ಅಧ್ಯಕ್ಷರದು, ಸಮರ್ಥನೆಯ ಹೊಣೆ ಅಧಿಕಾರಿಗಳದು. ವರ್ಷಗಳ ನಂತರ ನೆನಪಿನಲ್ಲಿ ಈ ಗೆರೆ ಅಳಿಸಿಹೋಗುತ್ತದೆ.

2012ರ ಆರಂಭದಲ್ಲಿ, ಮೂವರು ಮಕ್ಕಳಿಗೆ ಸಮಯ ಕೊಡಬೇಕೆಂದು ಹುದ್ದೆ ತೊರೆದರು. 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ರಾಜೀನಾಮೆಯ ಬಳಿಕ ಉತ್ತರಾಧಿಕಾರಿಯಾಗಿ ಅವರ ಹೆಸರೇ ಮೊದಲು ಕೇಳಿಬಂದಾಗಲೂ ಹಿಂದೆ ಸರಿದರು. ಪುರುಷ ಅಧಿಕಾರಿಯೊಬ್ಬರು ಇದೇ ಕಾರಣ ಕೊಟ್ಟಿದ್ದರೆ ಅದನ್ನು ಇಷ್ಟು ಬಾರಿ ಕೆದಕುತ್ತಿದ್ದರೋ ಇಲ್ಲವೋ.

2017ರಲ್ಲಿ ಆಂಟನಿ ಬ್ಲಿಂಕನ್ ಜೊತೆ ಆರಂಭಿಸಿದ ಖಾಸಗಿ ಸಲಹಾ ಸಂಸ್ಥೆ ವೆಸ್ಟ್‌ಎಕ್ಸೆಕ್ ಅಡ್ವೈಸರ್ಸ್ ಗ್ರಾಹಕರ ಪಟ್ಟಿಯನ್ನು ಬಹಿರಂಗಪಡಿಸುತ್ತಿರಲಿಲ್ಲ. ಸರ್ಕಾರದ ಮೇಜಿನಿಂದ ಕಂಪನಿಗಳ ಮೇಜಿಗೆ, ಅಲ್ಲಿಂದ ಮತ್ತೆ ಸರ್ಕಾರಕ್ಕೆ ಓಡಾಡುವುದರ ಬಗ್ಗೆ ಡೆಮಾಕ್ರಟಿಕ್ ಪಕ್ಷದ ಪ್ರಗತಿಪರ ಬಣ ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ಸಂಸ್ಥೆಯ ಸಹಸ್ಥಾಪಕ ಬ್ಲಿಂಕನ್ ವಿದೇಶಾಂಗ ಕಾರ್ಯದರ್ಶಿಯಾದರು. ಅಲ್ಲಿ ಕೆಲಸ ಮಾಡಿದ್ದ ಅವ್ರಿಲ್ ಹೇನ್ಸ್ ರಾಷ್ಟ್ರೀಯ ಗುಪ್ತಚರ ನಿರ್ದೇಶಕಿಯಾದರು. ಆಸ್ಟಿನ್ ನೇಮಕಕ್ಕೂ ಅಡ್ಡಿಯಿತ್ತು: ಸೇನೆಯಿಂದ ನಿವೃತ್ತರಾಗಿ ಏಳು ವರ್ಷ ಕಳೆದಿರಬೇಕೆಂಬ ಕಾನೂನಿನಿಂದ, 2016ರಲ್ಲಿ ನಿವೃತ್ತರಾದ ಅವರಿಗೆ ಸಂಸತ್ತು ವಿನಾಯಿತಿ ಕೊಡಬೇಕಾಯಿತು. 1950ರಲ್ಲಿ ಜಾರ್ಜ್ ಮಾರ್ಷಲ್, 2017ರಲ್ಲಿ ಜೇಮ್ಸ್ ಮ್ಯಾಟಿಸ್ ಬಳಿಕ ಇದು ಮೂರನೆಯ ವಿನಾಯಿತಿ. ರಕ್ಷಣಾ ಇಲಾಖೆಯ ಚುಕ್ಕಾಣಿ ಹಿಡಿದ ಮೊದಲ ಆಫ್ರಿಕನ್ ಅಮೆರಿಕನ್ ಆಸ್ಟಿನ್ ಎಂಬುದರ ಮಹತ್ವವೂ ಸಣ್ಣದಲ್ಲ.

2021ರ ಫೆಬ್ರುವರಿಯಲ್ಲಿ ಸೆನೆಟ್ ಕ್ಯಾಥ್ಲೀನ್ ಹಿಕ್ಸ್ ಅವರನ್ನು ರಕ್ಷಣಾ ಉಪ ಕಾರ್ಯದರ್ಶಿ ಸ್ಥಾನಕ್ಕೆ ಅನುಮೋದಿಸಿತು. 2009ರಲ್ಲಿ ಅವರು ಫ್ಲೋರ್ನಾಯ್ ಅವರ ನೀತಿ ವಿಭಾಗದಲ್ಲೇ ಕೆಲಸ ಮಾಡಿದ್ದವರು.