ಬೆಟ್ಟ ಕಡಿದು ಕಡಲು ತುಂಬಿದ ಕೋಬೆ

ಜಪಾನಿನ ಕೋಬೆ ನಗರದ ಬೆನ್ನಿಗೆ ರೊಕ್ಕೋ ಬೆಟ್ಟಸಾಲು, ಎದುರಿಗೆ ಒಸಾಕಾ ಕೊಲ್ಲಿ. ನಡುವಿನ ಕಿರಿದಾದ ಪಟ್ಟಿಯಲ್ಲಿ ಸುಮಾರು 15 ಲಕ್ಷ ಜನರ ಊರು. 1868ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಬಂದರು ಇದು. ಬಟ್ಟೆ, ಮುತ್ತಿನ ವ್ಯಾಪಾರಕ್ಕೆಂದು ಹೋದ ಭಾರತೀಯ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಇವೆ. ಕಿತಾನೊ ಬಡಾವಣೆಯಲ್ಲಿ ಒಂದು ಜೈನ ಬಸದಿಯೂ ಇದೆ.

ದಡದ ಹತ್ತಿರವೇ ನೀರು ಆಳ, ಹಡಗುಗಳಿಗೆ ಅನುಕೂಲ. ಕೊರತೆ ಇದ್ದದ್ದು ಜಾಗಕ್ಕೆ. ಹಾಗಾಗಿ ಕೋಬೆಯವರು ಬೆಟ್ಟವನ್ನೇ ಕಡಿದು ಕಡಲಿಗೆ ಸುರಿದರು. ಸುಮಾ ಕಡೆಯ ಗುಡ್ಡಗಳಲ್ಲಿ ಅಗೆದ ಮಣ್ಣು ಸುರಂಗದೊಳಗಿನ ಕನ್ವೇಯರ್ ಬೆಲ್ಟ್ ಮೇಲೆ ದಡಕ್ಕೆ ಬರುತ್ತಿತ್ತು. ಅಲ್ಲಿಂದ ದೋಣಿಗಳಲ್ಲಿ ಕೊಲ್ಲಿಗೆ. ಗುಡ್ಡ ಮಟ್ಟವಾದ ಕಡೆ ಮನೆಗಳೆದ್ದವು, ಕೊಲ್ಲಿಯಲ್ಲಿ ದ್ವೀಪ ಎದ್ದಿತು. 1966ರಲ್ಲಿ ಶುರುವಾದ ಪೋರ್ಟ್ ಐಲ್ಯಾಂಡ್ 1981ಕ್ಕೆ ಮುಗಿಯಿತು. ಆಮೇಲೆ ರೊಕ್ಕೋ ಐಲ್ಯಾಂಡ್ ಬಂತು. ಎಂಥ ಧೈರ್ಯದ ಕೆಲಸ ಅಲ್ವಾ!

ಆದರೆ ಸುರಿದದ್ದು ಬಂಡೆಯಲ್ಲ, ಗ್ರಾನೈಟ್ ಶಿಥಿಲವಾಗಿ ಆದ ಮರಳುಮಣ್ಣು. ಜಪಾನಿನಲ್ಲಿ ಇದಕ್ಕೆ ಮಸಾದೊ ಅನ್ನುತ್ತಾರೆ. ಕಡಲಲ್ಲಿ ಅದರ ಕಣಗಳ ನಡುವೆ ನೀರು ತುಂಬಿಕೊಂಡಿರುತ್ತದೆ. ಸುಮ್ನೆ ಇದ್ದಾಗ ಕಣಕ್ಕೆ ಕಣ ಆತುಕೊಂಡು ಮೇಲಿನ ಭಾರ ಹೊರುತ್ತದೆ. ನೆಲ ಜೋರಾಗಿ ಕುಲುಕಿದರೆ ಕಣಗಳು ಇನ್ನಷ್ಟು ಒತ್ತಾಗಲು ನೋಡುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿ ಇರುವುದಿಲ್ಲ. ಅದರ ಒತ್ತಡ ಏರುತ್ತದೆ, ಕಣಗಳು ಒಂದನ್ನೊಂದು ಬಿಡುತ್ತವೆ. ಆ ಹೊತ್ತಿಗೆ ಮಣ್ಣು ಮಣ್ಣಾಗಿ ಉಳಿಯುವುದಿಲ್ಲ, ದ್ರವದಂತೆ ಹರಿಯುತ್ತದೆ. ಸಮುದ್ರದ ಅಂಚಿನಲ್ಲಿ ಒದ್ದೆ ಮರಳನ್ನು ಕಾಲಿನಿಂದ ಪಟಪಟ ಬಡಿದರೆ ಅದು ಮೆತ್ತಗಾಗಿ ನೀರೂರುತ್ತದಲ್ಲ, ಹಾಗೆ.

1995ರ ಜನವರಿ 17, ಬೆಳಗ್ಗೆ 5.46. ಭೂಕಂಪ ನಗರದ ತೀರಾ ಹತ್ತಿರ, ಆಕಾಶಿ ಜಲಸಂಧಿಯ ಕೆಳಗೆ ಹುಟ್ಟಿತು. 6,400ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಹಳೆಯ ಮರದ ಮನೆಗಳಡಿ ಸಿಕ್ಕಿಕೊಂಡವರು. ದ್ವೀಪಗಳಲ್ಲಿ ನೆಲದೊಳಗಿಂದ ಕೆಸರು ಚಿಮ್ಮಿತು. ಹಡಗುಕಟ್ಟೆಯ ಭಾರಿ ಕಾಂಕ್ರೀಟ್ ಪೆಟ್ಟಿಗೆಗಳು ಕೆಲವು ಕಡೆ ಐದು ಮೀಟರಿನಷ್ಟು ಕಡಲಿಗೆ ಜರುಗಿದವು. ಅವುಗಳ ಮೇಲಿದ್ದ ಕ್ರೇನ್‌ಗಳ ಕಾಲುಗಳು ಸೊಟ್ಟಗಾದವು. ಆಗಷ್ಟೇ ಕಟ್ಟುತ್ತಿದ್ದ ಆಕಾಶಿ ಸೇತುವೆಯ ಎರಡು ಗೋಪುರಗಳ ನಡುವಿನ ಅಂತರವೇ ಸುಮಾರು ಒಂದು ಮೀಟರ್ ಜಾಸ್ತಿಯಾಯಿತು!

ನನಗೆ ಮುಖ್ಯ ಅನ್ನಿಸುವುದು ಉಳಿದುಕೊಂಡ ಜಾಗಗಳು. ಅದೇ ಪೋರ್ಟ್ ಐಲ್ಯಾಂಡಿನಲ್ಲಿ ಮೊದಲೇ ಕಂಪನ ಕೊಟ್ಟು ಮಣ್ಣನ್ನು ಗಟ್ಟಿ ಮಾಡಿದ್ದ ಕಡೆ ನೆಲ ಕುಸಿದದ್ದು ತೀರಾ ಕಡಿಮೆ. ಮಾಯಾ ಧಕ್ಕೆಯಲ್ಲಿ ಭೂಕಂಪ ತಡೆಯಲೆಂದೇ ಕಟ್ಟಿದ್ದ ಕೆಲವು ಕಟ್ಟೆಗಳಿಗೂ ಅಂಥ ಪೆಟ್ಟು ಬೀಳಲಿಲ್ಲ. ಉಳಿದ ಬಂದರನ್ನು ಪೂರ್ತಿ ಸರಿಪಡಿಸಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹಡಗುಗಳು ಕೊರಿಯಾದ ಬುಸಾನ್‌ನಂಥ ಬಂದರುಗಳ ದಾರಿ ಹಿಡಿದಿದ್ದವು. ಭೂಕಂಪಕ್ಕೆ ಮೊದಲು ಕೋಬೆ ಜಗತ್ತಿನ ಅತಿ ದೊಡ್ಡ ಕಂಟೇನರ್ ಬಂದರುಗಳಲ್ಲಿ ಒಂದಾಗಿತ್ತು. ಆ ಸ್ಥಾನ ಮತ್ತೆ ಸಿಗಲೇ ಇಲ್ಲ.