ಚುಕ್ಕೆ ಗುರುತಿನ ಪ್ರಶ್ನೆ, ಅನುಬಂಧದ ಉತ್ತರ: ನಮ್ಮ ದವಾಖಾನೆಗಳು ಸದನ ತಲುಪಿದ ಬಗೆ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಆರಂಭವಾದಾಗ ಆರೋಗ್ಯ ಇಲಾಖೆಗೆ ಹೋಗುವ ಚುಕ್ಕೆ ಗುರುತಿನ, ಎಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ, ಪ್ರಶ್ನೆಗಳ ಧಾಟಿಯನ್ನು ಓದದೆಯೂ ಹೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಯಾವ ಕಾಲಮಿತಿಯೊಳಗೆ ಭರ್ತಿ ಮಾಡಲಾಗುವುದು? (ಪೂರ್ಣ ಮಾಹಿತಿ ನೀಡುವುದು). ಎದುರಿನ ಅಂಕಣದಲ್ಲಿ ಉತ್ತರವೂ ಅಷ್ಟೇ ಪರಿಚಿತ: ಬಂದಿದೆ, ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ, ಆರ್ಥಿಕ ಇಲಾಖೆಯ ಸಹಮತಿ ಪಡೆದು ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು.

ಬೆಳಗಾವಿಯ 18, ವಿಜಯಪುರದ 8 ಮತ್ತು ಬಾಗಲಕೋಟೆಯ 7 ವಿಧಾನಸಭಾ ಕ್ಷೇತ್ರಗಳಿಂದ ಆಯ್ಕೆಯಾದವರು ಪಕ್ಷ ಯಾವುದೇ ಇರಲಿ, ಸರ್ಕಾರ ಯಾರದ್ದೇ ಇರಲಿ, ಹೆಚ್ಚೂಕಡಿಮೆ ಇದೇ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ. ಅದೇ ಆಸ್ಪತ್ರೆಯ ಬಗ್ಗೆ ಒಮ್ಮೆ ಆರೋಗ್ಯ ಸಚಿವರು, ಇನ್ನೊಮ್ಮೆ ವೈದ್ಯಕೀಯ ಶಿಕ್ಷಣ ಸಚಿವರು ಉತ್ತರಿಸುವುದನ್ನು, ಕಡತ ಮಾತ್ರ ಆರ್ಥಿಕ ಇಲಾಖೆಯಲ್ಲಿ ಇರುವುದನ್ನು ಕಂಡ ಓದುಗರಿಗೆ ವಿಷಯ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದೇ ತಿಳಿಯದಂತಾಗಿದೆ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಈ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ಜಿಲ್ಲಾ ಕೇಂದ್ರಕ್ಕೊಂದು ಸಿವಿಲ್ ಆಸ್ಪತ್ರೆ ಇತ್ತು. ಹಿರಿಯರ ಬಾಯಲ್ಲಿ ಅದು ಇಂದಿಗೂ 'ಸಿವಿಲ್ ದವಾಖಾನೆ'. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾಯಿತು, ಮರುವರ್ಷ ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತು, ಆದರೆ ಈ ಮೂರು ಜಿಲ್ಲೆಗಳ ನೆಲದಲ್ಲಿ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದ್ದು ಖಾಸಗಿ ಶಿಕ್ಷಣ ಸಂಸ್ಥೆಗಳೇ: ಬೆಳಗಾವಿಯಲ್ಲಿ 1963, ವಿಜಯಪುರದಲ್ಲಿ 1984 ಮತ್ತು 1986, ಬಾಗಲಕೋಟೆಯಲ್ಲಿ 2002. ಆ ಕಾಲೇಜುಗಳ ಆಸ್ಪತ್ರೆಗಳು ಲಕ್ಷಾಂತರ ಜನರಿಗೆ ನೆರವಾಗಿವೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಕಾಯಿಲೆ ಎಂದರೆ ಖಾಸಗಿ, ನೆಗಡಿ ಜ್ವರ ಎಂದರೆ ಸರ್ಕಾರಿ ಎಂಬ ಹಂಚಿಕೆ ಯಾವ ಆದೇಶವೂ ಇಲ್ಲದೆ ಜಾರಿಗೆ ಬಂದದ್ದು ಇದೇ ಅವಧಿಯಲ್ಲಿ.

2002ರಲ್ಲಿ ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದ ಮೇಲೆ ಈ ಭಾಗದ ಶಾಸಕರಿಗೆ ಸದನದಲ್ಲಿ ಹಿಡಿದು ಮಾತನಾಡಲು ಒಂದು ದಾಖಲೆ ಸಿಕ್ಕಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ 108 ಆಂಬುಲೆನ್ಸ್ ಓಡತೊಡಗಿತು. 2013ರಲ್ಲಿ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಪಕ್ಕದ ಕಲಬುರಗಿ ಭಾಗಕ್ಕೆ ದೊರೆತಾಗ ವಿಜಯಪುರ, ಬಾಗಲಕೋಟೆಗಳು ಗೆರೆಯ ಈಚೆಗೆ ಉಳಿದವು. 2021ರಲ್ಲಿ ಮುಂಬೈ ಕರ್ನಾಟಕ ಎಂಬ ಹೆಸರು ಹೋಗಿ ಕಿತ್ತೂರು ಕರ್ನಾಟಕವಾಯಿತು. ಹೆಸರಿನ ಜೊತೆ ಪ್ರತ್ಯೇಕ ಅನುದಾನವೇನೂ ಬರಲಿಲ್ಲ ಎಂಬ ಮಾತು ಅಂದಿನಿಂದ ಕೇಳಿಬರುತ್ತಲೇ ಇದೆ.

ಇಷ್ಟು ಹೇಳಿದ ಮೇಲೂ ಗೋಜಲಿನ ಮೂಲ ಕಾಣುವುದಿಲ್ಲ. ಅದು ಇರುವುದು 2005ರಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಂದರೆ ಬಿಮ್ಸ್, ಸ್ಥಾಪನೆಯಾದ ನಂತರ ನಡೆದ ಆಡಳಿತದ ವಿಭಜನೆಯಲ್ಲಿ. ಜಿಲ್ಲಾ ಆಸ್ಪತ್ರೆಗೆ ವೈದ್ಯಕೀಯ ಕಾಲೇಜು ಸೇರಿಕೊಂಡಾಗ ಆ ಆಸ್ಪತ್ರೆ ಆರೋಗ್ಯ ಇಲಾಖೆಯಿಂದ ವೈದ್ಯಕೀಯ ಶಿಕ್ಷಣ ಇಲಾಖೆಯ ಸುಪರ್ದಿಗೆ ಹೋಗುತ್ತದೆ. ಅದರ ಮೇಲೆ ನಿರ್ದೇಶಕರ ಆಡಳಿತ ಬರುತ್ತದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳು ಮಾತ್ರ ಜಿಲ್ಲಾ ಆರೋಗ್ಯಾಧಿಕಾರಿಯ ಕೈಕೆಳಗೇ ಉಳಿಯುತ್ತವೆ. ರೋಗಿಗೆ ಇದು ಒಂದೇ ಏಣಿಯ ಮೆಟ್ಟಿಲುಗಳು. ಸರ್ಕಾರದ ಕಾಗದದಲ್ಲಿ ಮಾತ್ರ ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ಒಡೆಯರು ಬೇರೆ. ಗೋಕಾಕದಿಂದಲೋ ರಾಮದುರ್ಗದಿಂದಲೋ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ ಬಾಣಂತಿಗೆ ಏನಾಯಿತು ಎಂದು ಶಾಸಕರೊಬ್ಬರು ಕೇಳಿದರೆ, ಪ್ರಶ್ನೆಯ ಅರ್ಧ ಭಾಗಕ್ಕೆ ಒಬ್ಬ ಸಚಿವರು ಉತ್ತರಿಸಬೇಕು, ಉಳಿದರ್ಧ ಮತ್ತೊಬ್ಬರಿಗೆ ಸೇರಿದ್ದು. ಉಪಪ್ರಶ್ನೆ ಕೇಳಲು ಸಿಗುವ ಎರಡು ನಿಮಿಷದಲ್ಲಿ ಈ ಗಡಿಯನ್ನು ದಾಟುವುದು ಅನುಭವಿ ಸದಸ್ಯರಿಗೂ ಕಷ್ಟವೇ.

ಖಾಲಿ ಹುದ್ದೆಯ ಲೆಕ್ಕದಲ್ಲೂ ಇಂಥದೇ ಒಂದು ತೊಡಕಿದೆ. ಅನುಬಂಧವು ಹುದ್ದೆಗಳನ್ನು ಎಣಿಸುತ್ತದೆ, ಜೋಡಣೆಯನ್ನು ಎಣಿಸುವುದಿಲ್ಲ. ಸಿಸೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಈ ಮೂವರೂ ಒಂದೇ ಹೊತ್ತಿಗೆ ಒಂದೇ ಕಟ್ಟಡದಲ್ಲಿ ಇರಬೇಕು. ಮೂರರಲ್ಲಿ ಎರಡು ಹುದ್ದೆ ಭರ್ತಿಯಾಗಿದ್ದರೆ ಅನುಬಂಧದಲ್ಲಿ ಅದು ಮೂರನೇ ಎರಡು ಭಾಗದ ಸಾಧನೆ. ಅರಿವಳಿಕೆ ತಜ್ಞರೇ ಇಲ್ಲದಿದ್ದರೆ ಹೆರಿಗೆ ಕೋಣೆಯಲ್ಲಿ ಅದು ಸೊನ್ನೆ. ಆಗ ಮನೆಯವರ ಕೈಗೆ ಬರುವುದು ಒಂದು ಚೀಟಿ. 'ಮುಂದಕ್ಕ ಬರದುಕೊಟ್ಟಾರ್ರೀ' ಎಂಬ ನಮ್ಮ ಕಡೆಯ ಮಾತಿನಲ್ಲಿ ಆ 'ಮುಂದಕ್ಕೆ' ಎಂಬುದು ಅಥಣಿಯವರಿಗೆ ಮಿರಜ, ಇಂಡಿಯವರಿಗೆ ಸೊಲ್ಲಾಪುರ, ಬಾದಾಮಿಯವರಿಗೆ ಬಾಗಲಕೋಟೆ ಇಲ್ಲವೆ ಹುಬ್ಬಳ್ಳಿ. 1894ರಲ್ಲಿ ಮಿಷನರಿ ವೈದ್ಯರು ಮಿರಜದಲ್ಲಿ ತೆರೆದ ಆಸ್ಪತ್ರೆಯ ಕಾಲದಿಂದಲೂ ಕೃಷ್ಣೆಯ ದಂಡೆಯ ಊರುಗಳಿಗೆ ಆ ದಾರಿ ಗೊತ್ತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಆರೋಗ್ಯ ವಿಮೆಯನ್ನು ಗಡಿಯ 865 ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ಕರ್ನಾಟಕ ಬಲವಾಗಿ ಆಕ್ಷೇಪಿಸಿತು. ಆಕ್ಷೇಪ ಸರಿಯಾದದ್ದೇ. ಆದರೆ ಆ ಹಳ್ಳಿಗಳ ರೋಗಿಗಳು ಗಡಿ ದಾಟಿ ಹೋಗುವುದೇಕೆ ಎಂಬುದು ಗಡಿ ವಿವಾದದ ಗದ್ದಲದಲ್ಲಿ ಚರ್ಚೆಗೆ ಬರಲಿಲ್ಲ.

2006ರಲ್ಲಿ ಮೊದಲ ಬಾರಿ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆದದ್ದೇ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿ. 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ನಂತರ ಸದನಕ್ಕೆ ಸ್ವಂತ ಕಟ್ಟಡವಾಯಿತು. ಅಲ್ಲಿ ಆರೋಗ್ಯ ವಿಷಯ ಅತ್ಯಂತ ಬಿಸಿಯಾಗಿ ಚರ್ಚೆಯಾದದ್ದು 2017ರ ನವೆಂಬರ್‌ನಲ್ಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆಯನ್ನು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಂಡಿಸಿದ್ದರು. ದರ ನಿಗದಿ ಮತ್ತು ಜೈಲು ಶಿಕ್ಷೆಯ ಅಂಶಗಳನ್ನು ವಿರೋಧಿಸಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿ ಬೆಳಗಾವಿಯಲ್ಲೂ ಜಮಾಯಿಸಿದರು. ಆ ದಿನಗಳಲ್ಲಿ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿ, ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲು ಬೆಳೆದಾಗ, ಹೊರೆ ಹೊರುತ್ತಿರುವವರು ಯಾರು ಎಂಬುದು ಎಲ್ಲರಿಗೂ ಕಣ್ಣಾರೆ ಕಂಡಿತು. ಕೊನೆಗೆ ಮಸೂದೆ ಸಾಕಷ್ಟು ಸಡಿಲಗೊಂಡು ಅಂಗೀಕಾರವಾಯಿತು. ಮುಂಗಡ ಹಣಕ್ಕಾಗಿ ತುರ್ತು ಚಿಕಿತ್ಸೆ ತಡೆಯಬಾರದು, ಬಾಕಿ ಹಣಕ್ಕಾಗಿ ಶವವನ್ನು ಒತ್ತೆ ಇಟ್ಟುಕೊಳ್ಳಬಾರದು ಎಂಬ ಅಂಶಗಳು ಉಳಿದುಕೊಂಡವು. ಸರ್ಕಾರಿ ಆಸ್ಪತ್ರೆಗಳಿಗೂ ಇಂಥದೇ ಕಟ್ಟುಪಾಡು ಬೇಕು ಎಂದು ವೈದ್ಯರ ಸಂಘ ಆಗ ಮುಂದಿಟ್ಟ ಬೇಡಿಕೆಯಲ್ಲಿ ತಮ್ಮ ಮೇಲಿನ ಒತ್ತಡ ಹಂಚಿಕೊಳ್ಳುವ ಉದ್ದೇಶವೂ ಇದ್ದಿರಬಹುದು; ಬೇಡಿಕೆ ಮಾತ್ರ ತಳ್ಳಿಹಾಕುವಂಥದ್ದಾಗಿರಲಿಲ್ಲ.

ಏಳು ವರ್ಷಗಳ ನಂತರ, 2024ರ ಡಿಸೆಂಬರ್ ಅಧಿವೇಶನದ ಹೊತ್ತಿಗೆ, ಆ ಮಾತು ಬೇರೆ ರೂಪದಲ್ಲಿ ಮರಳಿತು. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಿದ್ದರು. ಅನುಮಾನ ಅವರಿಗೆ ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲಿತ್ತು. ಸದನದಲ್ಲಿ ಔಷಧ ಖರೀದಿ, ಗುಣಮಟ್ಟ ಪರೀಕ್ಷೆ, ಹೊಣೆಗಾರಿಕೆ ಎಲ್ಲವೂ ಚರ್ಚೆಯಾದವು. ನಂತರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳ ಪರಿಶೀಲನೆ ನಡೆದು, ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂಬುದು ಹೊರಬಂದಿತು. ಇದರ ಬೆನ್ನಿಗೇ ಸರ್ಕಾರ ಹೆರಿಗೆ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದು ಜೋಡಿಸುವ ಕೆಲಸಕ್ಕೆ ಕೈಹಾಕಿತು. ಹುದ್ದೆಗಿಂತ ಜೋಡಣೆ ಮುಖ್ಯ ಎಂಬುದನ್ನು ಒಪ್ಪಿಕೊಂಡ ಕ್ರಮ ಇದು. ಆದರೆ ತಮ್ಮ ಹೋಬಳಿಯ ಕೇಂದ್ರದಿಂದ ವೈದ್ಯರು ಹೊರಡುವುದನ್ನು ಯಾವ ಶಾಸಕರು ತಾನೇ ಮೌನವಾಗಿ ನೋಡುತ್ತಾರೆ? ಹೀಗಾಗಿ ಹಳೆಯ ಪ್ರಶ್ನೆಗೆ ದೊರೆತ ಪರಿಹಾರವೇ ಹೊಸ ಪ್ರಶ್ನೆಗೆ ದಾರಿಯಾಗುತ್ತದೆ.

ವಿಜಯಪುರದ ಕಥೆ ಇದೇ ಎಳೆಯದು. ಎರಡು ಖಾಸಗಿ ಕಾಲೇಜುಗಳಿರುವ ಊರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂಬ ಬೇಡಿಕೆ ಹಳೆಯದು. ಅದನ್ನು ಖಾಸಗಿ ಸಹಭಾಗಿತ್ವದಲ್ಲಿ ಸ್ಥಾಪಿಸುವ ಪ್ರಸ್ತಾವ ಬಂದಾಗ 2025ರಲ್ಲಿ ಅಲ್ಲಿ ದೀರ್ಘ ಧರಣಿಯೇ ನಡೆಯಿತು. ಜಿಲ್ಲಾ ಆಸ್ಪತ್ರೆಯ ಹಾಸಿಗೆ ಸರ್ಕಾರದ್ದು, ಆಡಳಿತ ಬೇರೆಯವರದ್ದು ಎಂದಾದರೆ ಸದನದಲ್ಲಿ ಉತ್ತರಿಸುವವರು ಯಾರು ಎಂಬುದು ಧರಣಿಯಲ್ಲಿ ಕುಳಿತವರ ಆತಂಕದ ತಿರುಳು. ತೈಲ ರಫ್ತು ದೇಶಗಳ ಒಕ್ಕೂಟವಾದ ಒಪೆಕ್ ನೆರವಿನಿಂದ ರಾಯಚೂರಿನಲ್ಲಿ ಕಟ್ಟಿದ ಆಸ್ಪತ್ರೆಯನ್ನು ಖಾಸಗಿ ಆಡಳಿತಕ್ಕೆ ಒಪ್ಪಿಸಿ, ಕೊನೆಗೆ ಸರ್ಕಾರವೇ ಮರಳಿ ಪಡೆದದ್ದು ಉತ್ತರ ಕರ್ನಾಟಕದ ಜನಕ್ಕೆ ಇನ್ನೂ ಮರೆತಿಲ್ಲ. ಎರಡು ಇಲಾಖೆಗಳ ನಡುವೆಯೇ ಹಂಚಿಹೋಗಿರುವ ಉತ್ತರದಾಯಿತ್ವಕ್ಕೆ ಮೂರನೆಯ ಪಾಲುದಾರರು ಸೇರಿದರೆ ಅನುಬಂಧ ಇನ್ನಷ್ಟು ದಪ್ಪವಾಗಬಹುದೇ ಹೊರತು ತೆಳ್ಳಗಾಗಲಾರದು.

ಸದನದಲ್ಲಿ ಸಚಿವರು 'ಕ್ರಮ ಕೈಗೊಳ್ಳಲಾಗುವುದು' ಎಂದರೆ ಅದು ಗಾಳಿಗೆ ಹೋಗುವ ಮಾತಲ್ಲ. ಅಂಥ ಮಾತುಗಳ ಬೆನ್ನುಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸದನದ ಹೊರಗೂ ಶಾಸಕರು ಬರಿಗೈಯಲ್ಲಿಲ್ಲ: ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ, ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಯ ಅಧ್ಯಕ್ಷತೆ ಇದೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಅವರೇ ಅಧ್ಯಕ್ಷರು. ಬಳಕೆದಾರರ ಶುಲ್ಕದ ಹಣ ಯಾವುದಕ್ಕೆ ಖರ್ಚಾಗಬೇಕು, ಕೆಟ್ಟುನಿಂತ ಜನರೇಟರ್ ಯಾವಾಗ ರಿಪೇರಿಯಾಗಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಆ ಸಮಿತಿಯೇ. ಅದರ ನಡಾವಳಿ ಪುಸ್ತಕ ಇರುವುದು ಆಡಳಿತ ವೈದ್ಯಾಧಿಕಾರಿಯ ಕೋಣೆಯ ಬೀರುವಿನಲ್ಲಿ. ಕಳೆದ ವರ್ಷ ಆ ಸಭೆ ಎಷ್ಟು ಬಾರಿ ಸೇರಿತು ಎಂದು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಯೊಂದು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.