ರನ್‌ವೇಗೆ ಹೋಗು ಅಂದ್ರೆ ದಾರೀಲಿ ಸಿಕ್ಕಿದ್ದನ್ನೆಲ್ಲ ದಾಟು ಅಂತ ಅಲ್ಲ

ಪ್ರಶ್ನೆ: ಸರ್, ಗೊತ್ತಿಲ್ಲದ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಮಾಡುವಾಗ (ಅಂದರೆ ವಿಮಾನವನ್ನು ನೆಲದ ಮೇಲೇ ಓಡಿಸಿಕೊಂಡು ಹೋಗುವಾಗ) ತಪ್ಪಿ ರನ್‌ವೇಗೆ ನುಗ್ಗದ ಹಾಗೆ ಏನು ಮಾಡಬೇಕು?

ಈ ವರ್ಷ ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ಕೂತು ಪೈಲಟ್ ಆಗೋ ಮಕ್ಕಳಿಗೆ ಪಾಠ ಹೇಳುವವನು ನಾನು. ಬ್ಯಾಚ್ ಬದಲಾದರೂ ಪ್ರಶ್ನೆ ಬದಲಾಗಲ್ಲ.

ಚಿಕ್ಕ ಉತ್ತರ ಮೊದಲು. ಹಿಂದಿನ ರಾತ್ರಿಯೇ ಆ ಏರ್‌ಪೋರ್ಟಿನ ನಕ್ಷೆ ತೆಗೆದು ಬೆರಳಲ್ಲಿ ಒಂದು ಸಲ ದಾರಿ ನಡೆದು ನೋಡಿ. ಹಾಟ್ ಸ್ಪಾಟ್ ಅಂತ ಗುರುತು ಹಾಕಿದ ಜಾಗ ಇದ್ದರೆ ಅಲ್ಲಿ ಜನ ಎಡವುತ್ತಾರೆ ಅಂತಲೇ ಅರ್ಥ. ಗ್ರೌಂಡ್‌ನವರು, ಅಂದರೆ ನೆಲದ ಮೇಲಿನ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ತೋರಿಸುವವರು, ಹೇಳಿದ ದಾರಿಯನ್ನು ಬರೆದುಕೊಳ್ಳಿ, ನೆನಪಿರುತ್ತೆ ಅಂತ ಜಂಬ ಬೇಡ. ವಿಮಾನ ಉರುಳುತ್ತಿರುವಾಗ ಚೆಕ್‌ಲಿಸ್ಟ್ ಓದಬೇಡಿ. ಗೊಂದಲ ಆದರೆ ನಿಂತು ಕೇಳಿ, ಒಂದೊಂದೇ ತಿರುವು ಹೇಳಿಕೊಡ್ತಾರೆ. ಮೊದಲ ಸಲ ಕೋಲಾರದ ಟೊಮೆಟೊ ಮಂಡಿಗೆ ಗಾಡಿ ತಂದವನು ಗೇಟಲ್ಲೇ ನಿಲ್ಲಿಸಿ, "ಅಣ್ಣಾ, ಯಾವ ಕಡೆ?" ಅಂತ ಕೇಳ್ತಾನೆ. ಪೈಲಟ್‌ಗೆ ಮಾತ್ರ ಅದೇನು ನಾಚಿಕೆಯೋ! ಆದರೆ ರನ್‌ವೇ ಮೇಲೇ ಇದ್ದೀನೇನೋ ಅನ್ನೋ ಅನುಮಾನ ಬಂದರೆ ಅಲ್ಲಿ ನಿಂತು ಯೋಚಿಸಬೇಡಿ. ತಕ್ಷಣ ಟವರ್‌ಗೆ (ರನ್‌ವೇಗೆ ಅಪ್ಪಣೆ ಕೊಡುವವರಿಗೆ) ಹೇಳಿ, ಆಚೆ ಬನ್ನಿ.

ಆಮೇಲೆ ಗೆರೆ. ಟ್ಯಾಕ್ಸಿವೇ, ಅಂದರೆ ವಿಮಾನ ಟ್ಯಾಕ್ಸಿ ಮಾಡೋ ದಾರಿ, ಹೋಗಿ ರನ್‌ವೇಗೆ ಸೇರೋ ಮುಂಚೆ ಅಡ್ಡಲಾಗಿ ನಾಲ್ಕು ಹಳದಿ ಗೆರೆ ಇರುತ್ತವೆ. ಒಂದೇ ಸಮನೆ ಎಳೆದ ಎರಡು ನಿಮ್ಮ ಕಡೆ, ತುಂಡು ತುಂಡಾದ ಎರಡು ರನ್‌ವೇ ಕಡೆ. ಪಕ್ಕದಲ್ಲಿ ಕೆಂಪು ಬೋರ್ಡು, ಅದರ ಮೇಲೆ ಬಿಳಿ ಬಣ್ಣದಲ್ಲಿ ರನ್‌ವೇಯ ಅಂಕಿ. ಅಪ್ಪಣೆ ಇಲ್ಲದೆ ಮೂಗೂ ಆಚೆ ಹೋಗಬಾರದು. ನನ್ನ ಮೂಗು ಒಂದ್ಸಲ ಹೋಗಿತ್ತು. ಸೆಸ್ನಾ 152 ಅನ್ನೋ ಪುಟ್ಟ ವಿಮಾನ, ತಲೆ ತಗ್ಗಿಸಿ ರೇಡಿಯೋ ಫ್ರೀಕ್ವೆನ್ಸಿ ಬದಲಾಯಿಸ್ತಾ ಇದ್ದೆ, ತಲೆ ಎತ್ತಿದಾಗ ಗೆರೆ ಒಂದು ಮಾರು ಹಿಂದಿತ್ತು. ಇಳಿಯೋಕೆ ಬರ್ತಿದ್ದ ವಿಮಾನವನ್ನು ಮತ್ತೆ ಮೇಲಕ್ಕೆ ಕಳಿಸಬೇಕಾಯಿತು. ಆ ದಿನ ಬೈಸಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತೆ. "ಸರ್, ರನ್‌ವೇ 27ಕ್ಕೆ ಟ್ಯಾಕ್ಸಿ ಮಾಡು ಅಂತ ಅವರೇ ಹೇಳಿದ್ಮೇಲೆ ಮಧ್ಯೆ ಬರೋ ರನ್‌ವೇ ದಾಟಬಹುದು ಅಲ್ವಾ?"

ಇಲ್ಲ. ಇಲ್ಲ ಕಣ್ರಪ್ಪಾ, ಇಲ್ಲ. "ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ಬಾ" ಅಂತ ನಿಮ್ಮಪ್ಪ ಹೇಳಿದರು ಅಂದ್ಕೊಳ್ಳಿ. ದಾರೀಲಿ ರೈಲ್ವೆ ಗೇಟು ಮುಚ್ಚಿದೆ. ಅಪ್ಪ ಹೋಗು ಅಂದಿದ್ದಾರೆ ಅಂತ ಗೇಟಿನ ಕೆಳಗೆ ಬೈಕ್ ತೂರಿಸ್ತೀರಾ? (ತೂರಿಸೋರು ಇದ್ದಾರೆ, ಗೊತ್ತು. ಅವರು ದಯವಿಟ್ಟು ವಿಮಾನದ ಕಡೆ ಬರಬೇಡಿ.) ಮಧ್ಯೆ ಎಷ್ಟು ರನ್‌ವೇ ಸಿಗುತ್ತೋ ಅಷ್ಟಕ್ಕೂ "ದಾಟು" ಅನ್ನೋ ಮಾತು ಕಿವಿಗೆ ಬೀಳಬೇಕು, ಯಾವ ರನ್‌ವೇ ಅಂತ ಹೆಸರು ಹಿಡಿದು ನೀವು ವಾಪಸ್ ಹೇಳಬೇಕು. ಮುಚ್ಚಿರೋ ರನ್‌ವೇ ಆದರೂ ಅಷ್ಟೇ. ದಾಟು ಅಂದ ಮೇಲೂ ನೆಲದಲ್ಲಿ ಕೆಂಪು ಸ್ಟಾಪ್ ಬಾರ್ ದೀಪ ಉರೀತಾ ಇದ್ದರೆ ನಿಲ್ಲಬೇಕು, ಮತ್ತೆ ಕೇಳಬೇಕು.

ಈ ತಪ್ಪು ತಿಳಿವಳಿಕೆ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೇ ಸಾಯ್ತಾ ಇಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ನಿಯಮ ಹಾಗೇ ಇತ್ತು. ಇಂಥ ರನ್‌ವೇಗೆ ಟ್ಯಾಕ್ಸಿ ಮಾಡು ಅಂದರೆ ದಾರಿಯಲ್ಲಿನ ಬೇರೆ ರನ್‌ವೇಗಳನ್ನೂ ದಾಟಬಹುದಿತ್ತು. 2010ರ ಜೂನ್ 30ಕ್ಕೆ ಅದನ್ನು ತೆಗೆದು ಹಾಕಿದರು. ನಮ್ಮ ಹುಡುಗರು ಮಾತ್ರ ಸೀನಿಯರ್ ಕೊಟ್ಟ ಹಳೇ ಪಿಡಿಎಫ್ ಹಿಡ್ಕೊಂಡು ಇನ್ನೂ 2009ರಲ್ಲೇ ಇದ್ದಾರೆ.

ಅಪ್ಪಣೆ ಅಲ್ಲದ ಮಾತು ಅಪ್ಪಣೆಯ ಹಾಗೆ ಕೇಳಿಸಿಬಿಡುತ್ತೆ, ಕಷ್ಟ ಇರೋದೇ ಅಲ್ಲಿ. 2024ರ ಜನವರಿ 2, ಟೋಕಿಯೊದ ಹನೇಡಾ. ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಟವರ್ ಹೇಳಿದ್ದು ನೀವು ನಂಬರ್ ಒನ್, ಗೆರೆಯ ತನಕ ಬನ್ನಿ ಅಂತ. ಅಂದರೆ ಸಾಲಿನಲ್ಲಿ ಮೊದಲನೆಯವರು, ಅಷ್ಟೇ. ಕ್ಯಾಪ್ಟನ್ ಅದನ್ನು ರನ್‌ವೇಗೇ ಅಪ್ಪಣೆ ಅಂದುಕೊಂಡರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ಏರ್‌ಬಸ್ ಬಂದು ಬಡಿಯಿತು. ಅದರಲ್ಲಿದ್ದ 379 ಜನರೂ ಹೊರಗೆ ಬಂದರು. ಚಿಕ್ಕ ವಿಮಾನದ ಆರು ಜನರಲ್ಲಿ ಐದು ಜನ ಉಳಿಯಲಿಲ್ಲ. ಅವರೇನು ಹೊಸಬರಲ್ಲ, ಹನೇಡಾ ಅವರ ಮನೆ ಅಂಗಳ. ಗೊತ್ತಿಲ್ಲದ ಊರಲ್ಲಿ ನಿಮ್ಮ ಗತಿ ಏನು, ನೀವೇ ಯೋಚಿಸಿ.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಿಬಿಡ್ತೀನಿ. ಗೆರೆ ಹತ್ತಿರ ನಿಂತ ಪೈಲಟ್ "ಟೇಕ್-ಆಫ್‌ಗೆ ರೆಡಿ" ಅನ್ನಲ್ಲ, "ಡಿಪಾರ್ಚರ್‌ಗೆ ರೆಡಿ" ಅಂತಾನೆ. ಯಾಕೆ? 1977ರ ಮಾರ್ಚ್ 27, ಟೆನೆರಿಫ್ ದ್ವೀಪ, ದಟ್ಟ ಮಂಜು. ಕೆಎಲ್‌ಎಂ ಜಂಬೋಗೆ ಟವರ್ ಕೊಟ್ಟಿದ್ದು ಮೇಲೆ ಹೋದ ಮೇಲಿನ ದಾರಿ ಮಾತ್ರ, ಅದರೊಳಗೆ "ಟೇಕ್-ಆಫ್ ಆದಮೇಲೆ ಬಲಕ್ಕೆ ತಿರುಗು" ಅಂತ ಒಂದು ಮಾತು ಇತ್ತು. ಟೇಕ್-ಆಫ್ ಅಪ್ಪಣೆ ಬರುವ ಮುಂಚೆಯೇ ಅವರು ಓಡಿಸಿಬಿಟ್ಟರು. ಅದೇ ರನ್‌ವೇಯಲ್ಲಿ ಪ್ಯಾನ್ ಆಮ್ ಜಂಬೋ ಇನ್ನೂ ಟ್ಯಾಕ್ಸಿ ಮಾಡ್ತಾ ಇತ್ತು. ಸತ್ತವರು 583 ಜನ. ಅದಾದ ಮೇಲೆ ರೇಡಿಯೋದಲ್ಲಿ "ಟೇಕ್-ಆಫ್" ಅನ್ನೋ ಪದವನ್ನು ಮೇಲೇರೋಕೆ ಅಪ್ಪಣೆ ಕೊಡುವಾಗ, ಇಲ್ಲ ಕೊಟ್ಟ ಅಪ್ಪಣೆ ವಾಪಸ್ ತಗೊಳ್ಳುವಾಗ ಮಾತ್ರ ಆಡಬೇಕು ಅಂತಾಯಿತು.

ನನ್ನ ಕ್ಲಾಸಿನಲ್ಲಿ ಬೇರೆ ಹೊತ್ತಲ್ಲಿ ಆ ಪದ ಬಾಯಿಗೆ ಬಂದರೆ ಎಲ್ಲರಿಗೂ ಟೀ ಕೊಡಿಸಬೇಕು. ಹೋದ ವಾರ ಹನ್ನೊಂದು ಟೀ ಕೊಡಿಸಿದ ಹುಡುಗನೇ ಮೇಲಿನ ಪ್ರಶ್ನೆ ಕಳಿಸಿದ್ದು.